ಸೀಸವೆಂದರೆ ಸೀಸಾ ಅಲ್ಲ

ಹಾಲು ಕೊಳ್ಳುವ ಮೊದಲು ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ಹರಿದರೆ ನೀರು, ನಿಂತರೆ ಹಾಲು. ಇಳಕಲ್ಲಿನ ನಮ್ಮ ಓಣಿಗೆಲ್ಲ ಇದನ್ನು ಕಲಿಸಿದವಳು ನಾನೇ. ಸೀರೆಯ ಗಂಟು ಹೊತ್ತು ಬಾದಾಮಿ, ಬಾಗಲಕೋಟೆಯ ಮನೆಮನೆ ಹತ್ತಿಳಿದು, ಸೆರಗಿನ ಎಳೆ ಸುಟ್ಟು ರೇಷ್ಮೆ ಖರೆಯೋ ಸುಳ್ಳೋ ತೋರಿಸಿ ವ್ಯಾಪಾರ ಬೆಳೆಸಿದವಳಿಗೆ ಒಂದು ತಂಬಿಗೆ ಹಾಲು ಯಾವ ಲೆಕ್ಕ? ಹಾಗಂತ ತಿಳಿದಿದ್ದೆ.

ಮಗಳು ಹುನಗುಂದದ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಎರಡು ವರ್ಷದ ಮೊಮ್ಮಗಳು ಹಗಲೆಲ್ಲ ನನ್ನ ಹತ್ತಿರ. ಪಾಕೀಟಿನ ಹಾಲು ಬೇಡವೆಂದು, ಓಣಿಯ ತುದಿಯಲ್ಲಿ ಹಾಲು ಮಾರುವವನ ಆಕಳ ಹಾಲನ್ನು ಕೂಸಿಗೆ ಗೊತ್ತು ಮಾಡಿದವಳೂ ನಾನೇ. ಅವನ ತಮ್ಮ ಕಲ್ಲುಗಣಿ ಲಾರಿಗಳ ಬ್ಯಾಟರಿ ರಿಪೇರಿ ಮಾಡುತ್ತಾನೆ. ಒಡೆದ ಬ್ಯಾಟರಿಗಳನ್ನೆಲ್ಲ ದನದ ಮನೆಯ ಗೋಡೆಗೆ ಒಟ್ಟಿರುತ್ತಿದ್ದ. ಆಕಳು ದಿನವೂ ಅವನ್ನು ನೆಕ್ಕುತ್ತಿತ್ತು.

"ಉಪ್ಪಿನ ರುಚಿ ಹತ್ತೇತ್ರಿ ಅದಕ್ಕ," ಎಂದು ಹಾಲಿನವನು ನಗುತ್ತಿದ್ದ. ನಾನೂ ನಕ್ಕಿದ್ದೆ.

ಆಮೇಲೆ ಅದರ ಕರುವಿನ ಕಣ್ಣು ಹೋಯಿತು. ಗೋಡೆಗೆ ತಲೆ ಒತ್ತಿ ಹಲ್ಲು ಕಡಿಯುತ್ತ ನಿಲ್ಲುತ್ತಿತ್ತು. ದೃಷ್ಟಿ ಆಗಿದೆ ಎಂದು ಆ ಪುಣ್ಯಾತ್ಮ ಕರಿದಾರ ಕಟ್ಟಿ, ತುಳಸಿಗೇರಿ ಹನುಮಪ್ಪನಿಗೆ ಕಾಯಿ ಒಡೆಸಿ ಬಂದ. ಹನುಮಪ್ಪನಾದರೂ ಬ್ಯಾಟರಿ ಎತ್ತಿಡಲು ಇಳಿದು ಬರಬೇಕೇ? ಕೊನೆಗೆ ನಾನೇ ದನದ ಡಾಕ್ಟರನ್ನು ಕರೆಸಿದೆ. ಅವರು ರಕ್ತ, ಹಾಲು ತೆಗೆದುಕೊಂಡು ತಪಾಸಣೆಗೆ ಕಳಿಸಿದರು. ವರದಿ ಬರುವುದರೊಳಗೆ ಕರು ಸತ್ತಿತ್ತು.

"ಹಾಲಿನ್ಯಾಗ ಸೀಸ ಐತಿ. ಯಾರಿಗೂ ಕೊಡಬ್ಯಾಡ," ಎಂದರು ಡಾಕ್ಟರು.

"ಸೀಸಾ ಬಿಟ್ಟೆ ತಗೋರಿ ಸಾಹೇಬ್ರ, ನಾಳಿಂದ ಸ್ಟೀಲ್ ಕ್ಯಾನಿನ್ಯಾಗ ಕೊಡ್ತೇನಿ!"

ಅವನು ಗಾಜಿನ ಬಾಟಲಿಯಲ್ಲಿ ಹಾಲು ಹಾಕುತ್ತಿದ್ದ. ನಮ್ಮ ಕಡೆ ಬಾಟಲಿಗೆ ಸೀಸಾ ಅಂತಲೇ ಅನ್ನುವುದು.

"ಬಾಟ್ಲಿ ಅಲ್ಲೋ ತಮ್ಮಾ. ಬ್ಯಾಟರಿ ಒಳಗಿನ ಲೋಹ. ನೆಕ್ಕಿದ್ದು ಹಾಲಿಗಿಳಿದೈತಿ. ಸಣ್ಣ ಕೂಸುಗಳ ಮೆದುಳು ಕೆಡಸ್ತೈತಿ ಅದು."

ಅವನು ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಹೊಳೆಯುವ ಸ್ಟೀಲ್ ಕ್ಯಾನ್ ಹಿಡಿದು ಓಣಿಗೆ ಬಂದ!

ಓಣಿಯ ಜಾಣೆಯರು ಪಾತ್ರೆ ಹಿಡಿದು ನಿಂತೇ ಇದ್ದರು. "ಸೀಸಾದ್ದ ದೋಷ ಅಂದ್ರಲ್ಲ ಅಕ್ಕಾ. ಈಗ ಸ್ಟೀಲ್ ಐತಿ," ಎಂದಳು ಪಕ್ಕದ ಮನೆಯ ಸೊಸೆ, ಬಿ.ಎಸ್ಸಿ. ಪಾಸಾದವಳು. "ಹಂಗೂ ಇದ್ರ ಮೂರು ಸಲ ಕುದಸ್ತೇನಿ, ಬಿಡ್ರಿ."

ಕುದಿಸಿದರೆ ನೀರು ಆರುತ್ತದೆ, ತಾಯಿ, ಸೀಸ ಆರುವುದಿಲ್ಲ. ಕೂಸಿಗೆಂದು ಹಾಲನ್ನು ಗಟ್ಟಿ ಮಾಡಿದಷ್ಟೂ ವಿಷವನ್ನೂ ಗಟ್ಟಿ ಮಾಡಿದಂತೆ. ಇದನ್ನು ತಿಳಿಯಲು ಬಿ.ಎಸ್ಸಿ. ಬೇಕಿಲ್ಲ, ಒಲೆಯ ಮುಂದೆ ನಿಂತರೆ ಸಾಕು.

ಹಾಲಿನವನು ನನ್ನ ಕೈ ಮುಂದೆ ಹಾಲಿನ ಚಮಚ ಹಿಡಿದ. "ಉಗುರಿನ ಮ್ಯಾಲ ನೋಡ್ರಿ ಅಕ್ಕಾರ. ನೀವ ಕಲಿಸಿದ್ದಲ್ಲೇನು?"

ಹನಿ ಬಿಟ್ಟ. ನಿಂತಿತು. ಅಲುಗಾಡಲಿಲ್ಲ. ಬಣ್ಣ, ವಾಸನೆ, ದಪ್ಪ, ಯಾವುದರಲ್ಲೂ ಕುಂದಿಲ್ಲ. ಆ ಹನಿಯ ಮೇಲೆ, ಅದನ್ನು ನಂಬಿದ ನನ್ನ ಉಗುರಿನ ಮೇಲೆ ಬಂದಷ್ಟು ಹೇಸಿಕೆ ಆ ಮೂರ್ಖನ ಮೇಲೂ ಬರಲಿಲ್ಲ.

"ಪೂರಾ ಕ್ಯಾನ್ ನಂಗ ಕೊಡು," ಎಂದೆ. ಚೌಕಾಶಿ ಮಾಡದೆ ನಾನು ಕೊಂಡ ಒಂದೇ ಸರಕು ಅದು. ಅವನೆದುರೇ ತಿಪ್ಪೆಗೆ ಸುರಿದೆ.

"ದಿನಾ ಹಿಂಗ ತಗೋತೀರೇನು?"

"ನಾಳಿ ತಂದ್ರ ಡಾಕ್ಟರ್ ವರದಿ ಓಣಿ ಗ್ವಾಡಿಗೆ ಹಚ್ಚತೇನಿ. ಬ್ಯಾಟರಿ ಎತ್ತಸು, ಆಕಳು ಬ್ಯಾರೆ ಕಡೆ ಕಟ್ಟು, ಡಾಕ್ಟರ್ ಹೂಂ ಅನ್ನೂತನಕ ಹಾಲು ಚೆಲ್ಲು. ಅವರು ಹೂಂ ಅಂದ ದಿನ ಮೊದಲ ಗಿರಾಕಿ ನಾ."

ಗಿರಾಕಿ ಎಂಬ ಮಾತಿಗೆ ಅವನು ಬಗ್ಗಿದ. ಸತ್ತ ಕರುವಿಗೆ ಬಗ್ಗಿರಲಿಲ್ಲ.

ಮೊಮ್ಮಗಳನ್ನು ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ರಕ್ತದಲ್ಲಿ ಸೀಸ ಇರಬಾರದಷ್ಟು ಇದೆ, ಬೇಗ ಗೊತ್ತಾಯಿತು, ಆ ಹಾಲು ನಿಲ್ಲಿಸಿದ್ದೇ ಮೊದಲ ಔಷಧಿ ಎಂದರು ಡಾಕ್ಟರು. ಕೆಲವು ತಿಂಗಳ ಮೇಲೆ ಮತ್ತೆ ನೋಡಬೇಕಂತೆ. ಅಲ್ಲಿಯವರೆಗೆ ಮಗಳು ನನ್ನೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ.

ನೀವೂ ಹಾಲು ಗೊತ್ತು ಮಾಡುವ ಮೊದಲು ದನದ ಮನೆಗೆ ಹೋಗಿ, ಆಕಳಿನ ನಾಲಿಗೆ ಎಲ್ಲೆಲ್ಲಿ ಮುಟ್ಟುತ್ತದೆ ನೋಡಿ. ಮೊನ್ನೆ ಹೊಸ ಹಾಲಿನವಳ ಗೋಡೆ, ಗೋದಲಿ, ನೀರಿನ ತೊಟ್ಟಿ ಎಲ್ಲ ನೋಡಿ ಬಂದೆ.

"ಉಗುರ ಚಾಚ್ರಿ ಅಕ್ಕಾರ," ಎಂದಳು ಅವಳು.

ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.