ಸೇಡಂ ಸಂತೆಯಲ್ಲಿ ಜಾವಾದ ಮಾತು

ದೊಡ್ಡ ಯುದ್ಧ ಮುಗಿದಿತ್ತು; ಸೇಡಂ ಸಂತೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಇನ್ನೂ ಓಡುತ್ತಿತ್ತು. ನನಗಾಗ ಒಂಬತ್ತು ವರ್ಷ, ಹತ್ತೂ ಇರಬಹುದು. ದಂಡಿನ ಅಡುಗೆಯವನಾಗಿ ಹೋಗಿದ್ದ ಅವ್ವನ ತಮ್ಮ ಶರಣಪ್ಪ ಮಾವ ಜಾವಾ ದ್ವೀಪದಿಂದ ಮರಳಿ ನಮ್ಮ ಮನೆಯಲ್ಲಿದ್ದ. ಅಲ್ಲಿಯ ಬಜಾರಿನಲ್ಲಿ ಕಾಯಿಪಲ್ಲೆ ಕೊಳ್ಳುತ್ತ ಕಲಿತ ಮಾತುಗಳನ್ನು ನಮಗೂ ಕಲಿಸಿದ. ಬೆರಾಪ ಎಂದರೆ ಎಷ್ಟು, ಮಹಾಲ್ ಎಂದರೆ ತುಟ್ಟಿ, ಮುರಾ ಎಂದರೆ ಸೋವಿ. ತವರಿಗೆ ಬಂದಿದ್ದ ನೀಲಕ್ಕನೂ ನಾನೂ ಹುಣಸೆ ಬೀಜ ಹರವಿಕೊಂಡು ಅದೇ ಮಾತಿನಲ್ಲಿ ಅಂಗಡಿಯಾಟ ಆಡುತ್ತಿದ್ದೆವು.

ಸೋಮವಾರ ಅಕ್ಕ ಗಂಡನ ಮನೆಗೆ ಹೊರಡಬೇಕು. ಹಿಂದಿನ ಸಲ ಹಳೆ ಸೀರೆಯಲ್ಲೇ ಹೋಗಿ ಅತ್ತೆಯಿಂದ ಅನ್ನಿಸಿಕೊಂಡಿದ್ದಳು. ಈ ಸಲ ಹೊಸದು ಆಗಲೇಬೇಕೆಂದು ಅವ್ವ ನಮ್ಮನ್ನೆಲ್ಲ ಸಂತೆಗೆ ಹೊರಡಿಸಿದಳು. ಮಾವ ದಾರಿಯಲ್ಲೇ ಅವ್ವನಿಗೆ ಹೇಳಿಕೊಟ್ಟ:

"ದರ ಕೇಳಿದ ಮ್ಯಾಲ ನಾ ಮಹಾಲ್ ಅಂದ್ರ ಎದ್ದು ನಡಿ. ಮುರಾ ಅಂದ್ರ ಸುಮ್ನ ತೊಗೊ. ಸಾವುಕಾರಗ ತಿಳೀಬಾರ್ದು."

ಅಂಗಡಿಯ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ. ಹಸಿರು ಇಳಕಲ್ಲ ಸೀರೆಯೊಂದಕ್ಕೆ ಸಾವುಕಾರ ದರ ಹೇಳಿದ. ಮಾವ ಮೆಲ್ಲಗೆ "ಮುರಾ" ಎಂದ. ಅಕ್ಕ ಆಗಲೇ ಸೆರಗನ್ನು ಮಡಿಲಿಗೆ ಎಳೆದುಕೊಂಡಿದ್ದಳು.

ಅವ್ವ ಸಾವುಕಾರನ ಕಡೆ ತಿರುಗಿದಳು. "ಯಣ್ಣಾ, ಭಾಳ ಸೋವಿ ಆತು ಅನ್ಲಾಕತ್ತಾನ ನಮ್ಮ ತಮ್ಮ. ಬ್ಯಾರೆ ಸೀರಿ ದರ ಹೇಳೀರೇನು, ನೋಡ್ರಿ."

ಚೀಟಿ ನೋಡಿದ ಸಾವುಕಾರ ನಾಲಿಗೆ ಕಚ್ಚಿಕೊಂಡ. "ಹೌದು ತಾಯಿ, ಇದು ರೇಷ್ಮಿ ಸೆರಗಿಂದು. ಇದರ ದುಪ್ಪಟ್ಟು ಆಗ್ತದ."

"ನಿನಗ ಕಲಿಸಿದ್ದೇ ತಪ್ಪಾತಕ್ಕಾ," ಎಂದ ಮಾವ.

"ಎದುರು ಕುಂತವರಿಗಿ ತಿಳೀಲಾರದ ಮಾತು ನನಗ್ಯಾಕಪ್ಪ," ಎಂದಳು ಅವ್ವ.

ಕೊನೆಗೆ ಕೊಂಡದ್ದು ಸಾದಾ ನೂಲಿನ ಸೀರೆ. ಮಾವ ಕೊಡಿಸಿದ ಚುಡವಾ ಮುಟ್ಟದೆ, ದಾರಿಯುದ್ದಕ್ಕೂ ಅವ್ವನ ಮೇಲಿನ ಸಿಟ್ಟಿಗೆ ಅಳುತ್ತ ಬಂದೆ. ಅಕ್ಕನೇ ಗದರಿಸಿದಳು.

"ಸುಮ್ನಿರೋ. ನಮ್ಮತ್ತಿ ಮದ್ಲು ಕೇಳೋದೇ ಎಷ್ಟಕ್ಕ ತಂದ್ರಿ ಅಂತ. ಆ ಸೀರಿದು ಖರೇ ದರ ಹೇಳಿದ್ರ, ಕದ್ದು ತಂದೀರೇನು ಅಂತಿದ್ಲು. ಇದರ ದರ ನಾ ಅಕಿ ಮುಖ ನೋಡಿ ಹೇಳ್ತೀನಿ."

ಮುಂದೆ ವಿಶ್ವವಿದ್ಯಾಲಯದಲ್ಲಿ ಇಂಡೋನೇಷ್ಯದ ನಿಘಂಟೊಂದು ಕೈಗೆ ಸಿಕ್ಕಿತು. ಮಾವನ ಮೂರೂ ಮಾತು ಅದರಲ್ಲಿದ್ದವು. ಉಳಿದದ್ದಕ್ಕೆ ನನ್ನಲ್ಲಿ ಪುರಾವೆಯಿಲ್ಲ. ಸೀರೆ ಹಸಿರಲ್ಲ, ಕೆಂಪು ಎನ್ನುತ್ತಾಳೆ ಅಕ್ಕ. ಚುಡವಾ ತಿಂದೆ ಎಂದೂ ಹೇಳುತ್ತಾಳೆ. ಅವ್ವ ಅಂಗಡಿಯಲ್ಲಿ ಮಾವನಿಗೆ ಹಾಗೆ ಅಂದದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಅನುಮಾನವಿಲ್ಲ.

ಅಂಥವಳ ಕೈಯಲ್ಲಿ ಬೆಳೆದದ್ದು ನನ್ನ ಪುಣ್ಯ. ಬೆಳೆದೆ, ಅಷ್ಟೆ. ಇಂದು ಪುಸ್ತಕ ಕೊಂಡು ಬಂದಾಗ ಮನೆಯವಳಿಗೆ ಅದರ ದರವನ್ನು ಅರ್ಧ ಮಾಡಿ ಹೇಳುತ್ತೇನೆ.