ಚೊಂಬು ಸರಿಸುವ ಟಾರ್ಚಕ್ಕ

ಬೆಳಗಿನ ಐದೂಕಾಲು. ಮೋಡ ಇನ್ನೂ ಕಣಿವೆಯಲ್ಲೇ ಮಲಗಿದೆ. ಕೊರಳಲ್ಲಿ ಟಾರ್ಚ್, ಹೆಗಲ ಚೀಲದಲ್ಲಿ ಸುತ್ತಿಟ್ಟ ಕಣ್ಣು ಪರೀಕ್ಷೆಯ ಪಟ. ಕಲ್ಲುದಾರಿ ಏರುತ್ತಿರುವ ಈ ಆರೋಗ್ಯ ಕಾರ್ಯಕರ್ತೆಯನ್ನು ಬೆಟ್ಟದ ಜನ ಕರೆಯುವುದು ಟಾರ್ಚಕ್ಕ ಎಂದೇ. ಕಥೆಗಳಲ್ಲಿ ಏಳು ಬೆಟ್ಟ ದಾಟಿದವರಿಗೆ ರಾಜಕುಮಾರಿ ಸಿಗುತ್ತಾಳೆ. ಮೂರು ಬೆಟ್ಟ ದಾಟುವ ಇವರಿಗೆ ಸಿಗುವುದು ಹನ್ನೊಂದು ಮನೆ, ಹನ್ನೊಂದರಲ್ಲೂ ಒಂದೇ ಮಾತು: "ನಮ್ಮನೇಲಿ ಎಲ್ಲರ ಕಣ್ಣೂ ಚೆನ್ನಾಗಿದೆ."

ಸುಳ್ಳಲ್ಲ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಐವತ್ತು ವರ್ಷ ತುಳಿದ ಹೊಸ್ತಿಲು; ಕಣ್ಣು ಮರೆತರೂ ಕಾಲು ಮರೆಯುವುದಿಲ್ಲ. ಹಾಗಾಗಿ ಟಾರ್ಚಕ್ಕ ಮೊದಲೇ ಪಟ ಬಿಚ್ಚುವುದಿಲ್ಲ. ಹರಟೆಗೆ ಕೂರುತ್ತಾರೆ. ಯಾರೂ ನೋಡದಾಗ ನೀರಿನ ಚೊಂಬನ್ನು ಒಂದು ಮೊಳ ಆಚೆ ಸರಿಸಿ, "ಸ್ವಲ್ಪ ನೀರು ಕೊಡ್ತೀರಾ?" ಎನ್ನುತ್ತಾರೆ.

ಈ ಉಪಾಯ ಕಲಿಸಿದ್ದು ಅವರ ತಾಯಿ, ತಮಗೇ ಅರಿವಿಲ್ಲದೆ. "ಗುಡಿಸೋವಾಗ ಬೆಂಚು ಆಚೆ ಇಟ್ಟಿದ್ದೆ. ಅಮ್ಮ ಎಡವಿ ಬಿದ್ರು. ಅಷ್ಟು ದೊಡ್ಡ ಬೆಂಚು ಕಾಣ್ಲಿಲ್ವೇನಮ್ಮಾ ಅಂತ ಗದರಿಬಿಟ್ಟೆ. ಕಾಣದೆ ಎರಡು ವರ್ಷ ಆಗಿತ್ತು." ಕಣ್ಣಿನೊಳಗಿನ ಒತ್ತಡ ಏರಿ ನರ ಸತ್ತಿತ್ತು. "ಪೊರೆಯಾದ್ರೆ ತೆಗೀಬಹುದು. ಇದು ಹೋದ್ರೆ ಹೋಯ್ತು. ಬೇಗ ಹಿಡೀಬೇಕು."

ಒಂಬತ್ತು ವರ್ಷಗಳಲ್ಲಿ ಇನ್ನೂರ ಹದಿನಾಲ್ಕು ಮಂದಿಯನ್ನು ಕೆಳಗಿನ ಆಸ್ಪತ್ರೆಗೆ ಕಳಿಸಿದ್ದಾರೆ. ಅವರ ಬಾಯಲ್ಲಿ ಮೊದಲು ಬರುವ ಸಂಖ್ಯೆ ಮಾತ್ರ ಬೇರೆ: ತಡವಾದವರು ಮೂವತ್ತೇಳು.

ತುತ್ತತುದಿಯ ಮನೆ ಕುರಿ ಕಾಯುವ ಅಜ್ಜನದು.

"ನಿನ್ನ ಟಾರ್ಚು ನೀನೇ ಇಟ್ಕೋ ತಾಯಿ. ನಂದು ಹದ್ದಿನ ಕಣ್ಣು."

"ಆ ಹದ್ದಿಗೆ ಬಾಯಾರಿದೋರು ಕಾಣಲ್ವಾ ಅಜ್ಜಾ? ನೀರು ಕೊಡಿ."

ಅಜ್ಜನ ಕೈ ಚೊಂಬು ಇಡುವ ಹಲಗೆಯ ಬಲತುದಿಗೆ ಹೋಗುತ್ತದೆ. ಬರಿಗಾಳಿ. ಅರ್ಧ ಗೇಣು ಎಡಕ್ಕೆ, ಮತ್ತೆ ಬಲಕ್ಕೆ. ಮೊಳದಾಚೆ ಚೊಂಬು ಕಿಟಕಿ ಬೆಳಕಿಗೆ ಥಳಥಳಿಸುತ್ತಿದೆ.

ಒಲೆ ಮುಂದಿದ್ದ ಸೊಸೆ ಎದ್ದು ನಿಲ್ಲುತ್ತಾರೆ. "ಮಾವ... ಕಾಣಲ್ವಾ?"

ಅಜ್ಜ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ಹೇಳಿದ್ರೆ ಮೂಲೇಲಿ ಕೂರಿಸ್ತಿದ್ರಿ. ಗಂಟೆ ಸದ್ದಲ್ಲೇ ಒಂದೊಂದು ಕುರೀನೂ ಗುರುತು ಹಿಡಿತೀನಮ್ಮ. ಬೇರೆಯೋರ ಕೈಗೆ ಕೊಡ್ಬೇಡಿ."

ಟಾರ್ಚಕ್ಕ ಬೆಳಕು ಬಿಟ್ಟು ನೋಡುತ್ತಾರೆ. "ಬಲಗಣ್ಣಲ್ಲಿ ಪೊರೆ ಇದೆ, ತೆಗೆದ್ರೆ ಕಾಣಬಹುದು. ಎಡಗಣ್ಣಿನ ಮಾತು ಡಾಕ್ಟ್ರೇ ಹೇಳ್ಬೇಕು." ಸುಳ್ಳು ಸಮಾಧಾನವನ್ನು ಅವರು ಚೀಲದಲ್ಲಿ ಹೊತ್ತು ತರುವುದಿಲ್ಲ.

"ಕುರಿ ಎಲ್ಲಿಗೂ ಹೋಗಲ್ಲ ಮಾವ. ನೀವು ಬರೋವರೆಗೂ ನಾನೇ ಕಾಯ್ತೀನಿ," ಎನ್ನುತ್ತಾರೆ ಸೊಸೆ.

"ಆ ಕರಿ ಟಗರು ಹಾಯುತ್ತೆ, ಹುಷಾರು."

ಅದೇ ಒಪ್ಪಿಗೆ. ಆಸ್ಪತ್ರೆಗೆ ಹೋಗುವ ಗುರುವಾರದ ಜೀಪಿಗೆ ಅಜ್ಜನ ಹೆಸರು ಬರೆದುಕೊಂಡ ಟಾರ್ಚಕ್ಕ, ಹೊರಡುವ ಮುನ್ನ ಚೊಂಬನ್ನು ಹಳೆಯ ಜಾಗದಲ್ಲೇ ಇಟ್ಟು, ಅಜ್ಜನ ಕೈ ಹಿಡಿದು ಅದಕ್ಕೆ ಮುಟ್ಟಿಸುತ್ತಾರೆ.

"ಮುಂದಿನ ತಿಂಗಳು ಬಂದು ಮತ್ತೆ ಸರಿಸ್ತೀನಿ," ಇಳಿಜಾರಿನಲ್ಲಿ ಮೆಲ್ಲಗೆ ಹೇಳುತ್ತಾರೆ. "ಅದನ್ನ ಕಣ್ಣಾರೆ ನೋಡಿ, ಯಾರೇ ಅದು ನನ್ನ ಚೊಂಬು ಮುಟ್ಟಿದ್ದು ಅಂತ ಅಜ್ಜ ಬೈಬೇಕು. ಅಷ್ಟು ಬೈಸ್ಕೊಂಡ್ರೆ ಸಾಕು ನಂಗೆ."