ಅಪ್ಪನ ಎಡಗಣ್ಣು

ಹುಣಸೂರಿನ ಹೋಟೆಲೊಂದರಲ್ಲಿ ಅಪ್ಪ, ಅಮ್ಮ, ನಾನು ಕೂತು, ಬೇಸಿಗೆ ರಜೆಗೆ ಕಾರಿನಲ್ಲೇ ಕನ್ಯಾಕುಮಾರಿಗೆ ಹೋಗುವ ಮಾತಾಡುತ್ತಿದ್ದೆವು. ಪಿರಿಯಾಪಟ್ಟಣದಿಂದ ಇಲ್ಲಿಯವರೆಗೆ ಓಡಿಸಿದ್ದು ಅಪ್ಪ. ಈಗ ಮೇಜಿನ ಮುಂದೆ ಅವರ ಎಡಗಡೆ ಕೂತಿದ್ದ ನಾನು ಮೊಬೈಲಿನಲ್ಲಿ ದಾರಿ ತೋರಿಸಿದರೆ, ಅವರು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದರು.

"ಯಾಕಪ್ಪಾ, ಕತ್ತು ನೋವಾ?"

"ಎಡಗಣ್ಣು ಕಾಣಾಕಿಲ್ಲ ಕಣವ್ವ. ಒಂದು ವರ್ಸಾಯ್ತು," ಎಂದು ಕಾಫಿ ಕುಡಿದರು.

ಈಗತಾನೇ ಆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳೂ ಕೂತು ಬಂದಿದ್ದರು! ಅಮ್ಮನ ಮುಖ ನೋಡಿದೆ. ಅವರಿಗೆ ಗಾಬರಿಯೇ ಇಲ್ಲ.

"ಪಕ್ಕದಲ್ ಕೂತು, ಎಡಗಡೆಯಿಂದ ಬರೋದನ್ನೆಲ್ಲ ನಾನೇ ಯೇಳ್ತೀನಿ ಬುಡು," ಎಂದರು.

"ಕೀ ಕೊಡಪ್ಪಾ," ಎಂದೆ.

ಅಪ್ಪ ಜೇಬಿನಿಂದ ತೆಗೆದು ಕೊಟ್ಟರು. ಆಮೇಲೆ ಹಿಂದಿನ ಸೀಟಿಗೆ ಹೋಗಿ, ಮೊಮ್ಮಕ್ಕಳ ನಡುವೆ ಮುದುರಿ ಕೂತರು. ನಾನು ಕಾರನ್ನು ಮೈಸೂರಿನ ಕಣ್ಣಾಸ್ಪತ್ರೆಯ ದಾರಿಗೆ ತಿರುಗಿಸಿದೆ.